ದರ್ಭೆಯಲ್ಲಿ ಅಳೆದ ಬೂಟು

ಕಿಟ್ಟಾ,

ನಾನು ವಿರಾಜಪೇಟೆ ಬಸ್ಸಿಗೆ ಹೊರಟೆ. ಸಂಜೆ ಫುಟ್‌ಬಾಲ್ ಬೂಟು ತರುವಾಗ ನಿನ್ನ ಮಗನನ್ನೂ ಕರೆದುಕೊಂಡು ಹೋಗು. ನೀನು ಹುಡುಗನಾಗಿದ್ದಾಗ ಅಪ್ಪಯ್ಯ ಪೂಜೆ ಮುಗಿಸಿ, ಕೈಯಲ್ಲಿದ್ದ ದರ್ಭೆಯಲ್ಲೇ ನಿನ್ನ ಪಾದ ಅಳೆದುಕೊಂಡು ಪೇಟೆಗೆ ಹೋಗಿದ್ದರಲ್ಲ, ಹಾಗೆ ಮಾಡಬೇಡ. ಉದ್ದವೇನೋ ಸರಿಯಾಗಿತ್ತು. ಚಪ್ಪಟೆ ಪಾದದ ಅಗಲ ದರ್ಭೆಗೆ ಏನು ಗೊತ್ತು? ಆ ಮಳೆಗಾಲವೆಲ್ಲ ನೀನು ಕುಂಟಿದೆ, ನಾನು ಬೂಟಿನೊಳಗೆ ಕಚ್ಚುವ ಕಡೆ ಹಳೇ ಸೀರೆಯ ಚೂರು ಮಡಚಿಟ್ಟೆ.

ಹಿಮ್ಮಡಿಯ ಕಡೆ ಗಟ್ಟಿಯಾಗಿರಲಿ. ಅಟ್ಟೆ ಬೆರಳಿನ ಹತ್ತಿರ ಬಾಗಬೇಕು, ನಡುವೆ ಬಾಗಬಾರದು. ಪಾದದ ನಡುವಿಗೆ ಆಸರೆಯಾಗಿ ಒಳಗೊಂದು ಚರ್ಮದ ದಿಂಬು ಹೊಲಿಸು. ಮೊಳೆ ಚುಚ್ಚುತ್ತದೆಯೇ ಎಂದು ಕೈ ಹಾಕಿ ನೋಡು. ಚರ್ಮ ಮುಟ್ಟಿದ್ದಕ್ಕೆ ಇನ್ನೊಂದು ಸ್ನಾನ ಮಾಡಿದರಾಯಿತು.

ರಾಜ್ಯ ಅಂದರೆ ಇನ್ನೂ ಮೈಸೂರಿಗೆ ಸೇರದ ನಮ್ಮ ಪುಟ್ಟ ಕೊಡಗಷ್ಟೇ ಆದರೂ, ರಾಜ್ಯದ ಪಂದ್ಯ ಅಂತ ನಿನ್ನ ಮಗನಿಗೆ ಜಂಬ. ಹೊಳಪು ನೋಡಿ ಮರುಳಾಗುತ್ತಾನೆ, ನೀನು ಆಗಬೇಡ.

ಬೆಳಿಗ್ಗೆ ಬಚ್ಚಲಿನಿಂದ ಅಡಿಗೆಮನೆಯವರೆಗೆ ಒದ್ದೆ ಹೆಜ್ಜೆ ಬಿದ್ದಿತ್ತು, ನಡುವೆ ಚೂರೂ ಖಾಲಿಯಿಲ್ಲದ ಚಪ್ಪಟೆ ಹೆಜ್ಜೆ. ನೋಡಿದವಳೇ, "ಕಿಟ್ಟಾ, ತಲೆ ಒರೆಸ್ಕೊಳ್ಳೋ, ಶೀತ ಆಗುತ್ತೆ!" ಅಂತ ಕೂಗಿಬಿಟ್ಟೆ.

ನಿನ್ನ ಮಗ ಬಂದು ನನ್ನ ಮುಂದೆ ತಲೆ ಬಗ್ಗಿಸಿದ. ಒರೆಸಿದೆ.

ಅಕ್ಕ