ಹೌದು ಅಪ್ಪ, ಕೈ ಎತ್ತಿದೆ

ಬಾಡಿಗೆ ಕೋಣೆ, ಮೂರನೇ ಮಹಡಿ
ಸೆಪ್ಟೆಂಬರ್ ೯, ಶನಿವಾರ ಬೆಳಿಗ್ಗೆ

ಪ್ರೀತಿಯ ಅಪ್ಪನಿಗೆ,

ಬಲಭುಜದ ನೋವು ಹೇಗಿದೆ? ಏಣಿ ಹತ್ತಬೇಡಿ ಎಂದು ಡಾಕ್ಟರು ಹೇಳಿದ ಮಾರನೇ ದಿನವೇ ನೀನು ಬಟ್ಟೆ ಅಂಗಡಿಯ ಬೋರ್ಡು ಬರೆಯಲು ಹತ್ತಿದೆಯಂತೆ, ತಮ್ಮ ಹೇಳಿದ. ನಾನು ಬಯ್ಯುವುದಿಲ್ಲ, ಬಯ್ದರೆ ಕೇಳುವವನೂ ಅಲ್ಲ ನೀನು. ಅಮ್ಮನ ಕಣ್ಣಿನ ಪೊರೆ ತೆಗೆಸುವುದು ಯಾವತ್ತು ಅಂತ ಗೊತ್ತಾಯಿತೇ? ನಾನು ಚೆನ್ನಾಗಿದ್ದೇನೆ. ಊಟ, ನಿದ್ದೆ ಎರಡೂ ಹೊತ್ತು ಹೊತ್ತಿಗೆ ಆಗುತ್ತಿದೆ.

ನಿನ್ನ ಕಾರ್ಡು ಮಂಗಳವಾರ ಬಂತು. ಅಷ್ಟಗಲದ ಕಾರ್ಡಿನಲ್ಲಿ ಒಂದೇ ಸಾಲು: "ನೀನೂ ಕೈ ಎತ್ತಿದೆಯಾ?" ಕ್ಷೇಮ ಇಲ್ಲ, ಸಹಿ ಇಲ್ಲ. ಅಕ್ಷರ ಮಾತ್ರ ಎಂದಿನ ಹಾಗೆ ಮುತ್ತು ಪೋಣಿಸಿದಂತಿದೆ. ಎಷ್ಟೇ ಸಿಟ್ಟಿದ್ದರೂ ನಿನ್ನ ಒತ್ತಕ್ಷರ ಕೂದಲೆಳೆಯಷ್ಟೂ ಆಚೀಚೆ ಸರಿಯುವುದಿಲ್ಲ. ಫೋನ್ ಮಾಡಿದರೆ ‘ಕೈಗೆ ಬಣ್ಣ ಆಗಿದೆ’ ಅಂತ ಅಮ್ಮನ ಬಾಯಲ್ಲಿ ಹೇಳಿಸುತ್ತೀಯ. ಹದಿನೈದು ದಿನದಿಂದ ನಿನ್ನ ಕೈ ಒಣಗೇ ಇಲ್ಲ. ಅದಕ್ಕೇ ಈ ಕಾಗದ. ಪೂರ್ತಿ ಓದು, ಆಮೇಲೆ ಬೇಕಾದರೆ ಇದರಲ್ಲೇ ಬ್ರಷ್ ಒರೆಸಿಕೋ.

ಹೌದು ಅಪ್ಪ, ಎತ್ತಿದೆ. ಖಗೋಳ ವಿಜ್ಞಾನಿಗಳ ಸಮ್ಮೇಳನದಲ್ಲಿ, ಮತದ ಹಳದಿ ಚೀಟಿ ಹಿಡಿದು, ಎಣಿಸುವವರಿಗೆ ಕಾಣಲಿ ಎಂದು ತೋಳು ನೆಟ್ಟಗೆ ಮಾಡಿ ಎತ್ತಿದೆ. ಪ್ಲೂಟೊ ಇನ್ನು ಎಂಟು ಗ್ರಹಗಳ ಜೊತೆ ಒಂಬತ್ತನೆಯದಲ್ಲ ಎನ್ನುವುದಕ್ಕೆ ನನ್ನ ಮತವೂ ಸೇರಿದೆ. ನಾಳೆ ಮತ್ತೆ ಕೇಳಿದರೂ ಎತ್ತುತ್ತೇನೆ.

ಶಾಲೆಯಲ್ಲಿ ಆದದ್ದನ್ನು ತಮ್ಮ ಒಂದೂ ಬಿಡದೆ ಹೇಳಿದ್ದಾನೆ. ಹೆಡ್‌ಮಿಸ್ ನಿನ್ನನ್ನು ಕರೆಸಿ, ಕಾರಿಡಾರಿನ ಗೋಡೆಯ ಮೇಲೆ ನೀನು ಬರೆದ ಗ್ರಹಗಳಲ್ಲಿ ಒಂಬತ್ತನೆಯದಕ್ಕೆ ಸುಣ್ಣ ಬಳಿಯಿರಿ ಎಂದರಂತೆ. ‘ನಾನು ಬರೆದದ್ದನ್ನು ನಾನೇ ಅಳಿಸೋನಲ್ಲ’ ಎಂದೆಯಂತೆ. ಅದಕ್ಕೆ ಅವರು ನಗುತ್ತಾ, ‘ನಿಮ್ಮ ಮಗಳೇ ಅಳಿಸಿದ್ದಾಳಲ್ಲ’ ಎಂದರಂತೆ. ನಿನಗೆ ಚುಚ್ಚಿದ್ದು ಆ ಮಾತು, ನನಗೆ ಗೊತ್ತು. ಆ ಗೋಡೆ ಬರೆಯುವಾಗ ನನಗೆ ಏಳು ವರ್ಷ. ಶನಿಯ ಬಳೆಗೆ ನೀನು ಎರಡು ದಿನ ತೆಗೆದುಕೊಂಡೆ. ಕೊನೆಗೆ ನನ್ನನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಕೈಗೆ ಸಣ್ಣ ಬ್ರಷ್ ಕೊಟ್ಟು, ‘ಇದು ನಿನ್ನ ಪಾಲಿಂದು’ ಎಂದೆ. ನಿಂಬೆಹಣ್ಣಿನಷ್ಟು ದೊಡ್ಡದು, ಬೂದು ಬಣ್ಣ. ಬಣ್ಣ ಗೆರೆ ದಾಟಿ ಇಳಿದಿತ್ತು, ನೀನು ಒರೆಸದೆ ಹಾಗೇ ಬಿಟ್ಟೆ. ನಾನು ಈ ಕೆಲಸಕ್ಕೆ ಬಂದದ್ದು ಅವತ್ತಿನಿಂದಲೇ. ಹಾಗಂತ ನಾನು ಬಣ್ಣ ಹಚ್ಚಿದ್ದೇನೆ ಎನ್ನುವ ಕಾರಣಕ್ಕೆ ಅದು ಗ್ರಹವಾಗಿ ಉಳಿಯಬೇಕೇ?

ಮತ ಹಾಕಿ ಆಕಾಶ ಬದಲಾಯಿಸುತ್ತಾರಾ ಅಂತ ಪೇಪರಿನವರು ಗೇಲಿ ಮಾಡುತ್ತಿದ್ದಾರೆ. ಆಕಾಶಕ್ಕೆ ಯಾರೂ ಮತ ಹಾಕಲಿಲ್ಲ. ಅದು ಎಷ್ಟು ದೊಡ್ಡದು, ಎಲ್ಲಿ ಸುತ್ತುತ್ತದೆ ಅನ್ನುವುದನ್ನು ಅಳೆದೇ ತಿಳಿಯಬೇಕು, ಅಲ್ಲಿ ಕೈ ಎತ್ತಿ ಪ್ರಯೋಜನವಿಲ್ಲ. ನಾವು ತೀರ್ಮಾನಿಸಿದ್ದು ಒಂದು ಪದದ ಅರ್ಥ. ಇದು ಮೊದಲ ಸಲವೂ ಅಲ್ಲ. ಇನ್ನೂರು ವರ್ಷದ ಹಿಂದೆ ಮಂಗಳಕ್ಕೂ ಗುರುವಿಗೂ ನಡುವೆ ಸೆರೆಸ್ ಎಂಬುದು ಸಿಕ್ಕಿತು. ಪುಸ್ತಕಗಳಲ್ಲಿ ಅದನ್ನೂ ಗ್ರಹ ಎಂದೇ ಬರೆದರು. ಆಮೇಲೆ ಅದೇ ದಾರಿಯಲ್ಲಿ ಇನ್ನೊಂದು, ಮತ್ತೊಂದು, ಹೀಗೆ ಡಜನ್‌ಗಟ್ಟಲೆ ಸಿಕ್ಕವು. ಆಗ ಎಲ್ಲವನ್ನೂ ಕ್ಷುದ್ರಗ್ರಹ ಎಂದು ಬೇರೆ ಇಟ್ಟರು. ಪ್ಲೂಟೊದ್ದೂ ಅದೇ ಕಥೆ. ಸಿಕ್ಕಾಗ ಭೂಮಿಯಷ್ಟು ತೂಕ ಇರಬಹುದು ಅಂದುಕೊಂಡರು. ಅಳೆದ ಹಾಗೆಲ್ಲ ಚಿಕ್ಕದಾಗುತ್ತಾ ಬಂದು, ಕೊನೆಗೆ ನಮ್ಮ ಚಂದ್ರನಿಗಿಂತಲೂ ಚಿಕ್ಕದಾಯಿತು. ನಾನು ಕಾಲೇಜು ಸೇರುವ ಹೊತ್ತಿಗೆ ಅದರ ಅಕ್ಕಪಕ್ಕದಲ್ಲಿ ಹಿಮದ ಉಂಡೆಗಳು ಸಾಲುಸಾಲಾಗಿ ಸಿಗತೊಡಗಿದವು. ಹೋದ ವರ್ಷ ಸಿಕ್ಕಿದ್ದು ಅದಕ್ಕಿಂತ ದೊಡ್ಡದಿರಬಹುದು ಅನ್ನುತ್ತಾರೆ. ಈಗ ಹೇಳು, ಹತ್ತನೆಯದನ್ನು ಎಲ್ಲಿ ಬರೆಯುತ್ತಿದ್ದೆ? ಐವತ್ತನೆಯದನ್ನು? ಕಾರಿಡಾರು ಮುಗಿದು ಹೆಡ್‌ಮಿಸ್ ಕೋಣೆಯೊಳಗೇ ಹೋಗಬೇಕಿತ್ತು.

ಸಭೆಯ ವಿಷಯ ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಮತಕ್ಕೆ ಒಂದು ವಾರ ಮೊದಲು ಹಿರಿಯರ ಸಮಿತಿಯೊಂದು, ಸೂರ್ಯನನ್ನು ಸುತ್ತಬೇಕು, ತನ್ನ ಭಾರಕ್ಕೆ ತಾನೇ ದುಂಡಗಾಗಿರಬೇಕು, ಅಷ್ಟಿದ್ದರೆ ಗ್ರಹ ಎಂದಿತು. ಆ ಲೆಕ್ಕದಲ್ಲಿ ಒಂಬತ್ತು ಹೋಗಿ ಹನ್ನೆರಡಾಗುತ್ತಿತ್ತು, ಹಿಂದೆ ಇನ್ನಷ್ಟು ಕಾದು ನಿಂತಿದ್ದವು. ಸಭೆಯಲ್ಲಿ ಗದ್ದಲವೋ ಗದ್ದಲ. ಕಾಫಿ ಲೋಟ ಹಿಡಿದುಕೊಂಡೇ ದೊಡ್ಡ ದೊಡ್ಡವರು ಜಗಳವಾಡಿದರು. ಕಡೆಗೆ ಮೂರನೆಯ ಷರತ್ತು ಬಂತು: ತಾನು ಸುತ್ತುವ ದಾರಿಯನ್ನು ತಾನೇ ತೆರವು ಮಾಡಿಕೊಂಡಿರಬೇಕು. ಅಂದರೆ ಆ ದಾರಿಯಲ್ಲಿ ಅದರದ್ದೇ ದರ್ಬಾರು ನಡೆಯಬೇಕು, ಜೊತೆಯವರೆಲ್ಲ ಅದಕ್ಕೆ ಸೇರಿರಬೇಕು ಇಲ್ಲವೇ ಚದುರಿರಬೇಕು. ಎಂಟು ಪಾಸಾದವು. ಪ್ಲೂಟೊ ಆಗಲಿಲ್ಲ.

ನಮ್ಮ ವೀಕ್ಷಣಾಲಯದ ಮುಖ್ಯಸ್ಥರ ಬಗ್ಗೆ ಹೇಳಿದ್ದೆನಲ್ಲ, ನಾವೆಲ್ಲ ‘ದೊಡ್ಡವರು’ ಅನ್ನುತ್ತೇವೆ. ಮೂವತ್ತು ವರ್ಷ ಪ್ಲೂಟೊದ ಮೇಲೇ ಕೆಲಸ ಮಾಡಿದವರು. ಒಂದು ಬೆಳಕಿನ ಚುಕ್ಕೆಯನ್ನು ಓದುವುದು ಹೇಗೆಂದು ನನಗೆ ಕಲಿಸಿದ್ದು ಅವರೇ. ಮತದ ದಿನ ಮಧ್ಯಾಹ್ನ ಮೆಟ್ಟಿಲ ಹತ್ತಿರ ನನ್ನನ್ನು ನಿಲ್ಲಿಸಿ, ‘ನೋಡಮ್ಮ, ಭೂಮಿಯನ್ನೇ ಒಯ್ದು ಅಲ್ಲಿಟ್ಟರೂ ಅದು ಆ ದಾರಿ ತೆರವು ಮಾಡೋದಿಲ್ಲ. ವಸ್ತು ಏನು ಅಂತ ಕೇಳಬೇಕೋ, ಎಲ್ಲಿದೆ ಅಂತ ಕೇಳಬೇಕೋ?’ ಎಂದರು. ಒಳ್ಳೆಯ ಪ್ರಶ್ನೆ. ಇವತ್ತಿಗೂ ನನ್ನ ತಲೆಯಲ್ಲಿ ಕೊರೆಯುತ್ತಿದೆ. ‘ಸರ್, ಯಾವುದು ಯಾವುದರ ಜೊತೆ ಸುತ್ತುತ್ತಿದೆ ಅನ್ನೋದೂ ಅದರ ಗುಣವೇ ಅಲ್ವಾ?’ ಎಂದೆ. ಅವರು ನನ್ನ ಮುಖ ನೋಡಿ, ‘ನೀನು ಯಾರ ಗುಂಪಿನವಳು ಅನ್ನೋದು ನೆನಪಿರಲಿ’ ಎಂದು ಒಳಗೆ ಹೋದರು. ಆ ಎರಡನೇ ಮಾತು ಅವರು ಆಡಬಾರದಿತ್ತು. ಅಲ್ಲಿಯವರೆಗೆ ನನಗೂ ಸ್ವಲ್ಪ ಅನುಮಾನವಿತ್ತು.

ಎರಡು ಸಾವಿರಕ್ಕೂ ಹೆಚ್ಚು ಜನ ಬಂದಿದ್ದ ಸಮ್ಮೇಳನದಲ್ಲಿ, ಮತದ ಹೊತ್ತಿಗೆ ನಾನೂರು ಚಿಲ್ಲರೆ ಜನ ಉಳಿದಿದ್ದೆವು. ಇದು ಸರಿಯಲ್ಲ ಎಂದು ಈಗಲೂ ಹೇಳುತ್ತೇನೆ. ದೊಡ್ಡವರು ನನ್ನ ಮುಂದಿನ ಸಾಲಿನಲ್ಲೇ ಕೂತಿದ್ದರು. ಒಪ್ಪುವವರು ಎತ್ತಿ ಎಂದಾಗ ಅವರು ಹಿಂದೆ ತಿರುಗಿದರು. ನನ್ನ ಕೈ ಆಗಲೇ ಮೇಲಿತ್ತು. ಕೆಳಗಿಳಿಸಲಿಲ್ಲ.

ಆ ಗಳಿಗೆಯಲ್ಲಿ ನನಗೆ ನೆನಪಾದವನು ನೀನು. ಮೂಲೆಯ ಮನೆಯ ಕಾಂಪೌಂಡರ್ ಸ್ವಂತ ಕ್ಲಿನಿಕ್ ತೆಗೆದಾಗ, ಹೆಸರಿನ ಹಿಂದೆ ‘ಡಾಕ್ಟರ್’ ಅಂತ ಬರೆದುಕೊಡು ಎಂದು ಬಂದಿದ್ದರಲ್ಲ? ನಮ್ಮಿಬ್ಬರ ಜ್ವರವನ್ನೂ ವಾಸಿ ಮಾಡಿದ ಮನುಷ್ಯ. ಬೀದಿಯವರೆಲ್ಲ ಬರೆದುಕೊಡು, ಏನಾಗುತ್ತೆ ಎಂದರು. ನೀನು ಬ್ರಷ್ ಕೆಳಗಿಟ್ಟು, ‘ಒಳ್ಳೇವರು ಅಂತ ಬೇಕಾದ್ರೆ ಬರೀತೀನಿ, ಡಾಕ್ಟರ್ ಅಂತ ಬರೆಯಲ್ಲ’ ಎಂದೆ. ಅವರು ಎರಡು ವರ್ಷ ನಿನ್ನ ಜೊತೆ ಮಾತು ಬಿಟ್ಟರು, ನೀನು ಜಗ್ಗಲಿಲ್ಲ. ನನಗೆ ಮೊಂಡುತನ ಕಲಿಸಿದವನು ನೀನು. ಈಗ ಅದೇ ಮೊಂಡುತನಕ್ಕೆ ನನ್ನ ಮೇಲೆ ಮುನಿಸಿಕೊಂಡರೆ ನಾನು ಎಲ್ಲಿಗೆ ಹೋಗಲಿ?

ಇನ್ನು ಗೋಡೆ. ಅಳಿಸಬೇಡ. ಈ ವಿಷಯದಲ್ಲಿ ನಾನು ನಿನ್ನ ಪರ, ಹೆಡ್‌ಮಿಸ್‌ಗೆ ನಾನೇ ಬರೆದು ಕಳಿಸಿದ್ದೇನೆ. ಅದು ಎಲ್ಲೂ ಹೋಗಿಲ್ಲ, ಸೂರ್ಯನನ್ನು ಸುತ್ತುತ್ತಲೇ ಇದೆ. ಅದನ್ನು ಕುಬ್ಜ ಗ್ರಹ ಎಂದು ಕರೆದಿದ್ದೇವೆ. ಬರೆಯುವುದಾದರೆ ಆ ಎರಡು ಪದ ಪಕ್ಕದಲ್ಲಿ ಬರೆ, ಇಲ್ಲವಾದರೆ ಖಾಲಿ ಬಿಡು. ಸುಣ್ಣ ಮಾತ್ರ ಬಳಿಯಬೇಡ. ನಾನು ತಪ್ಪು ಮಾಡಿದೆ ಎಂದು ಯಾರಾದರೂ ಅಂದರೆ, ನೀನು ಒಪ್ಪದಿದ್ದರೂ ಪರವಾಗಿಲ್ಲ, ‘ಅವಳಿಗೆ ಸರಿ ಕಂಡದ್ದು ಮಾಡಿದಳು’ ಎಂದಾದರೂ ಹೇಳು.

ಅಮ್ಮನಿಗೆ, ತಮ್ಮನಿಗೆ ನೆನಪು ಹೇಳು. ಭುಜಕ್ಕೆ ಬಿಸಿನೀರಿನ ಶಾಖ ಕೊಡು. ನಿನ್ನ ಆಶೀರ್ವಾದ ಸಿಟ್ಟಿನ ಜೊತೆಗೇ ಬಂದರೂ ಸಾಕು, ಎರಡನ್ನೂ ಇಟ್ಟುಕೊಳ್ಳುತ್ತೇನೆ.

ನಿನ್ನ ಮಗಳು,
ಮೊಂಡಿ

ಮರೆತಿದ್ದೆ: ವೀಕ್ಷಣಾಲಯದಲ್ಲಿ ನನ್ನ ಒಪ್ಪಂದ ಮುಂದುವರಿಸಲಿಲ್ಲ, ನಿನ್ನೆ ಪತ್ರ ಕೊಟ್ಟರು. ಕಾರಣ ಬರೆದಿಲ್ಲ, ನಾನೂ ಕೇಳಲಿಲ್ಲ. ಬೇರೆ ಎರಡು ಕಡೆ ಅರ್ಜಿ ಹಾಕಿದ್ದೇನೆ. ನನ್ನ ಪರವಾಗಿ ದೊಡ್ಡವರಿಗೆ ಕ್ಷಮೆ ಕೇಳಿ ಕಾಗದ ಬರೆಯಕೂಡದು, ನೀನು ಬರೆದರೂ ಬರೆಯುವವನೇ. ಗುರುವಾರ ಮಧ್ಯಾಹ್ನದ ಬಸ್ಸಿಗೆ ಪೆಟ್ಟಿಗೆ ಸಮೇತ ಬರುತ್ತಿದ್ದೇನೆ. ಅಮ್ಮನಿಗೆ ರಜೆ ಅಂತ ಹೇಳಿರು, ಉಳಿದದ್ದು ನಾನೇ ಹೇಳುತ್ತೇನೆ. ನಮ್ಮ ಜಗಳ ಅಷ್ಟು ಬೇಗ ಮುಗಿಯುವುದಿಲ್ಲ, ಮುಗಿಯುವುದೂ ಬೇಡ. ಬಾಗಿಲು ಮಾತ್ರ ನೀನೇ ಬಂದು ತೆಗೆ.