ಅಪ್ಪನ ಗೊರಕೆ

ಭಾನುವಾರ, ಮಾರ್ಚ್ ೧೪

ನನ್ನ ಪುಟ್ಟಿಗೆ,

ಅಮ್ಮನ ಪ್ರೀತಿಯ ನೆನಪುಗಳು. ಕಾಗದ ತಡವಾಯಿತು, ಮುನಿಸಿಕೊಳ್ಳಬೇಡ. ನಿನ್ನ ಹಡಗು ಮುಂದಿನ ಬಂದರು ಸೇರುವ ಹೊತ್ತಿಗೆ ಇದು ಕೈಗೆ ಸಿಗಬಹುದು. ಫೋನಿನಲ್ಲಿ ಹೇಳಬಹುದಿತ್ತು ನಿಜ. ಆದರೆ ನಡುನೀರಿನಲ್ಲಿ, ಎಂಜಿನ್ ಕೋಣೆಯ ಗದ್ದಲದಲ್ಲಿ ನಿಂತವಳಿಗೆ ಅರ್ಧ ಮಾತು ಕೇಳಿಸಿ ಅರ್ಧ ಕಡಿದುಹೋದರೆ ನಿನ್ನ ಗತಿಯೇನು? ಅದಕ್ಕೇ ಮೊದಲು ಹೇಳಿಬಿಡುತ್ತೇನೆ: ಅಪ್ಪ ಬದುಕಿದ್ದಾರೆ. ಪಕ್ಕದ ಕೋಣೆಯಲ್ಲಿ ರೇಡಿಯೋ ಜೊತೆ ಜಗಳವಾಡುತ್ತಿದ್ದಾರೆ. ಇನ್ನು ನಿಧಾನವಾಗಿ ಓದು.

ಕೆಳಗಿನ ಲಾಂಡ್ರಿಯ ಇಸ್ತ್ರಿಯಮ್ಮ ನಿನಗೆ ಗೊತ್ತಲ್ಲ, ಬೀದಿಯ ಸುದ್ದಿಯನ್ನೆಲ್ಲ ಬಟ್ಟೆಯ ಜೊತೆ ಮಡಿಸಿ ಕೊಡುವವಳು. ಹೋದ ತಿಂಗಳು ಲೈಬ್ರರಿಯಲ್ಲಿ ಏನೋ ತರಬೇತಿ ಅಂತ ನನ್ನನ್ನು ಎಳೆದುಕೊಂಡು ಹೋದಳು. ಅಫೀಮಿನ ಜಾತಿಯ ಔಷಧಿ ಮೈಯಲ್ಲಿ ಹೆಚ್ಚಾಗಿ ಉಸಿರು ನಿಲ್ಲುತ್ತಿರುವವರನ್ನು ಗುರುತಿಸುವುದು ಹೇಗೆ, ಮೂಗಿಗೆ ಸ್ಪ್ರೇ ಹೊಡೆದು ಎಬ್ಬಿಸುವುದು ಹೇಗೆ ಅಂತ. ಪರದೆ ಹೊಲಿಯುವವಳಿಗೆ ಇದೆಲ್ಲ ಯಾಕೆ ಅಂದೆ. ಇದು ರೈಲ್ವೆ ಸೇತುವೆಯ ಕೆಳಗೆ ಮಲಗುವವರ ಪಾಡು ಅಂದುಕೊಂಡಿದ್ದೆ. ಮಕ್ಕಳ ವಿಭಾಗದ ಪುಟಾಣಿ ಕುರ್ಚಿಗಳಲ್ಲಿ ಬಸ್ ಡ್ರೈವರ್, ಕ್ಷೌರಿಕ, ನಿವೃತ್ತ ಮೇಷ್ಟ್ರು, ನಾವಿಬ್ಬರು, ಎಲ್ಲರೂ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕುಳಿತಿದ್ದೆವು.

ಕಲಿಸಿದವಳು ಔಷಧಿ ಅಂಗಡಿಯ ಹುಡುಗಿ. ತುಟಿ ನೀಲಿಯಾಗುವುದು, ಕಣ್ಣಿನ ಪಾಪೆ ಗುಂಡುಸೂಜಿಯ ತಲೆಯಷ್ಟಾಗುವುದು, ಎದೆಮೂಳೆಯನ್ನು ಬೆರಳ ಗೆಣ್ಣಿನಿಂದ ತಿಕ್ಕಿದರೂ ಏಳದಿರುವುದು, ಎಲ್ಲ ಹೇಳಿದಳು. ಇನ್ನೊಂದು ಗುರುತು ಅಂತ ತಾನೇ ಗೊರಕೆ ಹೊಡೆದು ತೋರಿಸಿದಳು. ಗಂಟಲಲ್ಲಿ ನೀರು ಸಿಕ್ಕಿಕೊಂಡಂಥ ಗೊರಕೆ, ಒಂದಾದ ಮೇಲೆ ಇನ್ನೊಂದು ಬರುವಷ್ಟರಲ್ಲಿ ಕಾಯುವವರ ಉಸಿರೇ ನಿಂತುಹೋಗಬೇಕು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಹೊರಡುವಾಗ ಎಲ್ಲರಿಗೂ ಸ್ಪ್ರೇಯ ಪೊಟ್ಟಣ ಕೊಟ್ಟಳು. ನನ್ನದನ್ನು ಹೊಲಿಗೆ ಡಬ್ಬಿಗೆ ಹಾಕಿ ಮರೆತುಬಿಟ್ಟೆ.

ಅಪ್ಪನ ಬೆನ್ನಿನ ವಿಷಯ ಗೊತ್ತೇ ಇದೆ. ಅಂಗಡಿಯ ಬೋರ್ಡ್ ಬರೆಯುವಾಗ ಏಣಿಯಿಂದ ಬಿದ್ದ ಮೇಲೆ ಅವರಿಗೆ ನಿದ್ದೆ ಎಂಬುದೇ ಇಲ್ಲ. ನೀನು ಹೋದ ಮೇಲೆ ಡಾಕ್ಟರು ಗುಳಿಗೆ ಬಿಡಿಸಿ, ತೋಳಿಗೆ ಅಂಟಿಸಿಕೊಳ್ಳುವ ನೋವಿನ ಪಟ್ಟಿ ಬರೆದುಕೊಟ್ಟರು. ಆ ಪಟ್ಟಿಯೊಳಗಿನದೂ ಲೈಬ್ರರಿಯಲ್ಲಿ ಹೇಳಿದ್ದೂ ಒಂದೇ ಜಾತಿ ಅಂತ ನನ್ನ ತಲೆಗೆ ಹೊಳೆಯಲೇ ಇಲ್ಲ. ಹೋದ ವಾರ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದರು. ಪರದೆಗೆ ಅಂಚು ಹೊಲಿಯುತ್ತಿದ್ದೆ, ಒಳಗಿನಿಂದ ಗೊರಕೆ ಕೇಳಿಸಿತು. ಎಷ್ಟು ಸಂತೋಷವಾಯಿತು ಗೊತ್ತಾ? ಅಂತೂ ನಿದ್ದೆ ಹತ್ತಿತಲ್ಲ ಅಂತ ಹೊಲಿಗೆ ಯಂತ್ರ ನಿಲ್ಲಿಸಿ, ಸದ್ದಾಗದಂತೆ ಹೋಗಿ ಬಾಗಿಲು ಮುಚ್ಚಿ ಬಂದೆ.

ಅಷ್ಟರಲ್ಲಿ ಇಸ್ತ್ರಿಯಮ್ಮ ಒಗೆದ ಹೊದಿಕೆಗಳನ್ನು ಹೊತ್ತು ಬಂದಳು. ಮೆಲ್ಲಗೆ ಮಾತಾಡು, ಅವರು ಮಲಗಿದ್ದಾರೆ ಅಂದೆ. ಬಾಯಿ ಮುಚ್ಚಿ ಗೊತ್ತಿಲ್ಲದವಳು ಬಾಯಿ ಮುಚ್ಚಿ ನಿಂತಳು. ಒಳಗೆ ಒಂದು ಗೊರಕೆ. ಆಮೇಲೆ ಏನೂ ಇಲ್ಲ. ತುಂಬ ಹೊತ್ತಿನ ಮೇಲೆ ಇನ್ನೊಂದು.

"ಇದು ನಿದ್ದೆ ಅಲ್ಲ ಕಣೆ," ಅಂದಳು. "ಆ ಹುಡುಗಿ ಮಾಡಿ ತೋರಿಸಿದ್ದು ಇದೇ."

ಒಳಗೆ ಓಡಿದೆವು. ಅಪ್ಪನ ತುಟಿ ಸೀಸದ ಬಣ್ಣಕ್ಕೆ ತಿರುಗಿತ್ತು. ತೋಳಿನ ಪಟ್ಟಿಯ ಮೇಲೆಯೇ ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿದ್ದರು. ಶಾಖಕ್ಕೆ ಔಷಧಿಯೆಲ್ಲ ಬೇಗಬೇಗ ಮೈಗೆ ಇಳಿದಿತ್ತು ಅಂತ ಡಾಕ್ಟರು ಆಮೇಲೆ ಹೇಳಿದರು. ಇಸ್ತ್ರಿಯಮ್ಮ ಚೀಲ ಎಸೆದು, ಪಟ್ಟಿ ಕಿತ್ತು, ಆಂಬುಲೆನ್ಸಿಗೆ ಫೋನ್ ಹಚ್ಚಿದಳು. ನಾನು ಎದೆಮೂಳೆ ತಿಕ್ಕಿದೆ, ಆ ಮನುಷ್ಯ ಹೂಂ ಅನ್ನಲಿಲ್ಲ. ಡಬ್ಬಿ ತಡಕಾಡಿ ಸ್ಪ್ರೇ ತಂದು, ತಲೆ ಹಿಂದಕ್ಕೆ ಬಾಗಿಸಿ, ಮೂಗಿನ ಹೊಳ್ಳೆಗೆ ಹೊಡೆದೆ. ಆಮೇಲೆ ಮೂಗು ಹಿಡಿದು ಬಾಯಿಗೆ ಬಾಯಿ ಇಟ್ಟು ಊದಿದೆ. ಇಷ್ಟು ವರ್ಷ ಆ ಬಾಯಿಯ ಜೊತೆ ಜಗಳವಾಡಿದ್ದೇನೆ, ಅದರೊಳಗೆ ನನ್ನ ಉಸಿರು ತುಂಬುವ ದಿನ ಬರುತ್ತದೆ ಅಂತ ಕನಸಲ್ಲೂ ಎಣಿಸಿರಲಿಲ್ಲ.

ಮುಂದೆ ಆದದ್ದನ್ನು ಹೇಗೆ ಬರೆಯಲಿ ಪುಟ್ಟಿ. ಮೊದಲು ತುಟಿಯ ನಡುವೆ ಒಂದಿಷ್ಟು ಕೆಂಪು ಮೂಡಿತು. ಅದು ಅಂಚಿಗೆ ಹರಡಿತು, ಕೆನ್ನೆಗೆ ಬಂತು, ಕಿವಿಗೆ ಬಂತು. ಆಮೇಲೆ ನಾನು ಊದದೆಯೇ ಎದೆ ತಾನಾಗಿ ಏರಿತು. ನಿನ್ನನ್ನು ಹೆತ್ತಾಗ ನೋವಿಗೆ ಕಣ್ಣು ಮುಚ್ಚಿಕೊಂಡಿದ್ದೆ. ಜೀವ ಬರುವುದನ್ನು ಈ ಸಲ ಕಣ್ಣಾರೆ ಕಂಡೆ. ಇಸ್ತ್ರಿಯಮ್ಮ ನೆಲದ ಮೇಲೆ ಕುಸಿದು ಕುಳಿತು ಅಪ್ಪನ ಎದೆಯನ್ನೇ ನೋಡುತ್ತಿದ್ದಳು. ಹೊಲಿಗೆ ಡಬ್ಬಿಯಲ್ಲಿ ಗುಂಡಿಗಳ ಜೊತೆ ಬಿದ್ದಿದ್ದ ವಸ್ತು, ಹೊಲಿಯುವವಳೊಬ್ಬಳು, ಒಗೆಯುವವಳೊಬ್ಬಳು, ನಮ್ಮ ಕೈಯಲ್ಲಿ ಇಂಥದ್ದು ಆಗಬಹುದಾ? ಯಾರ ಕಾಲಿಗೆ ಬೀಳಲಿ ಅಂತ ಇನ್ನೂ ತಿಳಿದಿಲ್ಲ.

ಎಚ್ಚರವಾದವರು ನೋವಿಗೆ ಕಿರುಚಿಕೊಂಡರು. ಆ ಸ್ಪ್ರೇ ಪಟ್ಟಿಯ ಔಷಧಿಯನ್ನು ಅಡಗಿಸಿದರೆ, ಅದರಡಿ ಅಡಗಿದ್ದ ನೋವು ಎದ್ದು ನಿಲ್ಲುತ್ತದಂತೆ. ನಮ್ಮಿಬ್ಬರನ್ನೂ ಬಾಯಿಗೆ ಬಂದಂತೆ ಬೈದರು. ಅವರ ಬೈಗುಳ ಅಷ್ಟು ಇಂಪಾಗಿ ನನಗೆಂದೂ ಕೇಳಿಸಿರಲಿಲ್ಲ. ಸ್ಪ್ರೇಯ ಶಕ್ತಿ ಇಳಿದರೆ ಮತ್ತೆ ಉಸಿರು ಕಟ್ಟಬಹುದು ಅಂತ ಆಸ್ಪತ್ರೆಯಲ್ಲಿ ಇರಿಸಿಕೊಂಡು, ಪಟ್ಟಿ ಬದಲಿಸಿ ಕಳಿಸಿದ್ದಾರೆ. ಲೈಬ್ರರಿಯಲ್ಲಿ ಮತ್ತೆ ತರಬೇತಿ ಇದೆ, ಗೊರಕೆ ಹೊಡೆದು ತೋರಿಸುವ ಕೆಲಸ ಈಗ ನನ್ನದು. ನಗುವವರು ನಗಲಿ.

ಹೊಟ್ಟೆ ತುಂಬ ಉಣ್ಣು. ನೀನು ಹೋದ ಕಡೆಯೆಲ್ಲ ನೀರು ಶಾಂತವಾಗಿರಲಿ, ನೂರು ಕಾಲ ತಣ್ಣಗೆ ಬಾಳು.

ಇಂತಿ ನಿನ್ನ
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲಾಗದೆ ಬಿಟ್ಟದ್ದು. ಅಂಟಿಸಿದ ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ. ಮನೆಗೆ ಬಂದ ಸಂಜೆ ಅಪ್ಪ ನನ್ನನ್ನು ಹತ್ತಿರ ಕರೆದು, ಎಬ್ಬಿಸಿದ್ದು ನೀನೇನಾ ಅಂತ ಕೇಳಿದರು. ಹೊಗಳುತ್ತಾರೆ ಅಂತ ಒಳಗೊಳಗೇ ಉಬ್ಬಿ, ಹೌದು ಅಂದೆ. "ಅಲ್ಲಿ ನೋವು ಇರಲಿಲ್ಲ ಕಣೆ," ಅಂದರು. "ಇನ್ನೊಂದ್ಸಲ ಹಾಗಾದ್ರೆ ಬಿಟ್ಟುಬಿಡು." ಸಿಟ್ಟಿನಿಂದ ಹೇಳಲಿಲ್ಲ, ಊಟ ಸಾಕು ಅನ್ನುವ ಹಾಗೆ ಹೇಳಿದರು. ನನ್ನ ಕೈಲಾಗುವುದಿಲ್ಲ ಅಂದೆ. ಆ ಬಿಸಿನೀರಿನ ಚೀಲವನ್ನು ತಿಳಿಯದೆ ಅಲ್ಲಿ ಇಟ್ಟುಕೊಂಡರೋ, ತಿಳಿದೇ ಇಟ್ಟುಕೊಂಡರೋ, ಕೇಳುವ ಧೈರ್ಯ ನನಗಿಲ್ಲ. ನೀನು ಬಂದಾಗ ಕೇಳು, ನಿನ್ನ ಹತ್ತಿರ ಅವರು ಸುಳ್ಳು ಹೇಳುವುದಿಲ್ಲ. ಉತ್ತರ ಏನೇ ಇರಲಿ, ನನಗೆ ಹೇಳಬೇಡ.