ಎರಡನೆಯ ಧ್ವನಿ

ನಾರಾಯಣಗೂಡ, ಹೈದರಾಬಾದ್
18 ಫೆಬ್ರವರಿ 2025, ಮಂಗಳವಾರ

ಮಗಳೇ ನೀಲಾ,

ಮನೆಯ ದೊಡ್ಡ ಗಂಟಲಿನವನ ಆಶೀರ್ವಾದಗಳು. ಸೊಂಟದ ನೋವು ಹೇಗಿದೆ? ಅಲ್ಲಿ ಸಮುದ್ರದ ಗಾಳಿಯೂ ಉಪ್ಪು, ಮೆಸ್ಸಿನ ಸಾರೂ ಉಪ್ಪು ಎಂದು ನೀನು ಬರೆದಿದ್ದೆ, ಮಜ್ಜಿಗೆ ಕುಡಿ. ನಿಮ್ಮ ಕ್ಷಿಪಣಿಯ ಕೆಲಸ ಮುಗಿಯುವತನಕ ಫೋನು ಗೇಟಿನಲ್ಲೇ ಇಡಬೇಕಲ್ಲ, ಅದಕ್ಕೇ ಈ ಕಾಗದ. ನಿನ್ನ ಮಗಳು ಗಾನವಿ ಆರೋಗ್ಯವಾಗಿದ್ದಾಳೆ. ಊಟ ಮಾತ್ರ ನಿನ್ನೆಯಿಂದ ಸೇರುತ್ತಿಲ್ಲ. ಕಾರಣ ಹೇಳುತ್ತೇನೆ, ಕುಳಿತುಕೊಂಡು ಓದು.

ಮೊನ್ನೆ ಭಾನುವಾರ ಅವಳ ವಿದ್ಯಾರ್ಥಿವೇತನದ ಪರೀಕ್ಷೆ ಇತ್ತು. ಮುಂದಿನ ನಾಲ್ಕು ವರ್ಷದ ಓದು ಅದರ ಮೇಲೆ ನಿಂತಿದೆ ಎಂಬುದು ನಿನಗೆ ಗೊತ್ತೇ ಇದೆ. ಪರೀಕ್ಷೆ ಮನೆಯಲ್ಲೇ, ನೀನು ಕೊಡಿಸಿದ ಲ್ಯಾಪ್‌ಟಾಪಿನ ಮುಂದೆ. ಪಾಪ, ವರ್ಷವಿಡೀ ಅದರಲ್ಲೇ ಕಲಿತಳು. ಅದರೊಳಗಿನ ವಿಡಿಯೊ ಪಾಠದ ಮಾಸ್ತರು ನೂರು ಸಲ ಹಿಂದಕ್ಕೆ ಓಡಿಸಿದರೂ ಸಿಡುಕದೆ ಮತ್ತೆ ಹೇಳಿಕೊಡುತ್ತಿದ್ದರು. ಆದರೆ ಪರೀಕ್ಷೆಯ ದಿನ ಅದೇ ಪೆಟ್ಟಿಗೆ ಕ್ಯಾಮೆರಾ, ಮೈಕು ತೆರೆದುಕೊಂಡು ಕಾವಲುಗಾರನಾಯಿತು. ಸೀಟಿ ಹೊಡೆದವರನ್ನು, ಚಪ್ಪಲಿ ತೂರಿದವರನ್ನು ರಂಗದ ಮೇಲೆ ನಿಂತು ಕಂಡವನು ನಾನು. ರೆಪ್ಪೆ ಬಡಿಯದೆ ಎರಡು ತಾಸು ಒಬ್ಬಳ ಮುಖವನ್ನೇ ನೋಡುವ ಪ್ರೇಕ್ಷಕನನ್ನು ಕಂಡಿರಲಿಲ್ಲ. ಗಾನವಿ ನನ್ನನ್ನು ಅಡುಗೆಮನೆಗೆ ಗಡೀಪಾರು ಮಾಡಿದಳು. “ಅಜ್ಜಾ, ಮುಗಿಯೂತನಕ ಕೆಮ್ಮಬ್ಯಾಡ. ನೀ ಕೆಮ್ಮಿದ್ರ ಬೇಗಂಪೇಟಿಗೆ ಕೇಳತೈತಿ” ಎಂದು ತಾಕೀತು. ನಡುವೆ ಇದ್ದದ್ದು ಒಂದು ಪರದೆ.

ನಿನ್ನೆ ಸಂದೇಶ ಬಂತು. ಕೋಣೆಯಲ್ಲಿ ಎರಡನೆಯ ಧ್ವನಿ ಕೇಳಿಸಿದೆ, ಫಲಿತಾಂಶ ತಡೆಹಿಡಿದಿದೆ, ಬುಧವಾರ ಹನ್ನೊಂದಕ್ಕೆ ಹಿಮಾಯತ್‌ನಗರದ ಕಚೇರಿಗೆ ಬನ್ನಿ. ನಕಲು ಎಂದು ತೀರ್ಮಾನವಾದರೆ ಪರೀಕ್ಷೆ ರದ್ದು, ಮೂರು ವರ್ಷ ಮತ್ತೆ ಕೂರುವಂತಿಲ್ಲ. ಗಾನವಿ ಕೂಡಲೇ ಆ ಕಚೇರಿಗೆ ಫೋನು ಮಾಡಿ, ಅಜ್ಜ ನಾಟಕದವರು, ಒಳಗೆ ಮಾತು ಬಾಯಿಪಾಠ ಮಾಡುತ್ತಿದ್ದರು ಎಂದಳು. ಅಲ್ಲಿ ಕನ್ನಡ ಬಲ್ಲವರಿಲ್ಲ. ಧ್ವನಿ ಕೇಳಿದೆ, ಮಾತು ತಿಳಿದಿಲ್ಲ. “ಚಾಚಾ, ಇತ್ನಾ ಲಿಖ್‌ಕೆ ದೇದೋ, ಬಸ್” ಎಂದರು ಫೋನಿನಲ್ಲಿ ನನಗೆ ಅಲ್ಲಿನ ಮೇಡಂ; ಇಷ್ಟು ಬರೆದುಕೊಟ್ಟರೆ ಸಾಕಂತೆ. ಹೌದು, ನಾನು ಬಾಯಿಪಾಠ ಮಾಡುತ್ತಿದ್ದೆ. ಹಾಗೆಂದು ಬರೆದೂ ಇಟ್ಟಿದ್ದೇನೆ, ಸಹಿ ಬಾಕಿ. ಕಲಾವಿದನ ಕಷ್ಟ ಯಂತ್ರಕ್ಕೇನು ಗೊತ್ತು?

ಎದುರುಮನೆ ಗದಿಗೆಮ್ಮ ನಿನ್ನನ್ನು ಕೇಳಿದ್ದಾಳೆ, ಶೇಂಗಾ ಚಟ್ನಿ ಕೊಟ್ಟಿದ್ದಾಳೆ, ನಿನ್ನ ಪಾಲು ಎತ್ತಿಟ್ಟಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣು, ನೂರು ವರ್ಷ ಬಾಳು.

ನಿನ್ನ ಅಪ್ಪ,
ಅಮರೇಶಪ್ಪ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ನಾನು ಯಾವ ನಾಟಕದ ಮಾತನ್ನೂ ಆಡುತ್ತಿರಲಿಲ್ಲ. ಪರೀಕ್ಷೆಯಲ್ಲಿ ಗಾನವಿ ನಾನೇ ಕಲಿಸಿದಂತೆ ಬಾಯಿಬಿಟ್ಟು ಲೆಕ್ಕ ಓದಿದಳು: ಕಾರು ಹೋಗುವಾಗ ತಾಸಿಗೆ ಅರವತ್ತು ಕಿಲೋಮೀಟರು, ಅದೇ ದಾರಿಯಲ್ಲಿ ಬರುವಾಗ ನಲವತ್ತು, ಸರಾಸರಿ ವೇಗ ಎಷ್ಟು? ಓದಿ ಸುಮ್ಮನಾದಳು. ನಾಟಕ ಕಂಪನಿಯಲ್ಲಿ ಹನ್ನೆರಡು ವರ್ಷ ಪರದೆಯ ಹಿಂದೆ ನಿಂತು, ಮಾತು ಮರೆತ ನಟರಿಗೆ ಮಾತು ಎತ್ತಿಕೊಟ್ಟ ನಾಲಿಗೆ ನನ್ನದು. ಆ ಮೌನ ತಡೆಯಲಾಗಲಿಲ್ಲ. “ಐವತ್ತು” ಎಂದುಬಿಟ್ಟೆ. ನನ್ನ ಪಿಸುಮಾತೂ ಹಿಂದಿನ ಸಾಲಿಗೆ ಮುಟ್ಟುತ್ತದೆ.

ಅವಳು ತಿರುಗಿಯೂ ನೋಡದೆ ನಲವತ್ತೆಂಟು ಒತ್ತಿದಳಂತೆ. ಅದೇ ಸರಿ. “ಬರೂಮುಂದ ಹೆಚ್ಚು ಹೊತ್ತು ಹಿಡಿತೈತಿ ಅಜ್ಜಾ, ಅದನ್ನ ಮರತಿ ನೀ” ಎಂದು ಪರೀಕ್ಷೆ ಮುಗಿಸಿ ಬಂದು ನಕ್ಕಳು. ಆಮೇಲೆ ಸಂದೇಶ ಬಂತು, ನಗು ನಿಂತಿತು.

ಬರೆದಿಟ್ಟ ಹೇಳಿಕೆಯನ್ನು ಈಗಷ್ಟೇ ಹರಿದೆ. ನಾಳೆ ಹೇಳುತ್ತೇನೆ: ಎತ್ತಿಕೊಟ್ಟವನು ನಾನು, ಕೊಟ್ಟದ್ದು ಐವತ್ತು, ಅವಳು ಒತ್ತಿದ್ದೇನೆಂದು ನಿಮ್ಮ ಯಂತ್ರವನ್ನೇ ಕೇಳಿ. ನಂಬುತ್ತಾರೋ ಇಲ್ಲವೋ. ಈ ಕಾಗದ ನಿನಗೆ ಮುಟ್ಟುವಾಗ ತೀರ್ಪಾಗಿರುತ್ತದೆ. ಗೇಟಿಗೆ ಬಂದು ಅವಳಿಗೆ ಫೋನು ಮಾಡು. ಅವಳು ಸುಳ್ಳು ಹೇಳಿದ್ದಕ್ಕೆ ಬೈಯಬೇಡ; ನನ್ನ ಮಾನ ಕಾಯಲು ಹೇಳಿದ್ದು. ನಾಳೆ ನಿಜ ಹೇಳುತ್ತೇನೆಂದು ಅವಳಿಗೆ ನಾನಿನ್ನೂ ಹೇಳಿಲ್ಲ. ನಾಳೆ ನನ್ನ ಬಾಯಲ್ಲಿ ಯಾವ ನಾಟಕದ ಮಾತು ಹೇಳಿಸಬೇಕೆಂದು ಪಕ್ಕದ ಕೋಣೆಯಲ್ಲಿ ಹುಡುಕುತ್ತಿದ್ದಾಳೆ.